ಶಾಲೆಯಲ್ಲಿ ಹುಳ ಮೇಯಿಸಿದ ವರ್ಷ

ನಮ್ಮೂರ ಶಾಲೆಯ ಹೆಂಚು ಇಳಿಸಿ ಮತ್ತೆ ಹೊದಿಸಿದ್ದು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ. ನಮ್ಮದು ತಮಿಳು ಸೀಮೆಗೆ ಸೇರಿಹೋದ ಕನ್ನಡದ ಊರು, ಸರ್ಕಾರದ ಕಾಗದಕ್ಕೆ ಕಾದು ಸಾಕಾಗಿ ಊರವರೇ ಕೂಡಿ ಮಾಡಿದ ಕೆಲಸ ಅದು. ಮನೆಗಿಷ್ಟು ಅಂತ ಹೆಂಚು ಕೊಟ್ಟರು, ಬಿದಿರು ಕೊಟ್ಟರು. ಕೊಡಲು ಏನೂ ಇಲ್ಲದ ಕಾಲೋನಿಯವರು ಮೈ ಕೊಟ್ಟರು. ಗುಮ್ಮಳಾಪುರದ ರಸ್ತೆಯಲ್ಲಿ ಗಾಡಿ ನಿಲ್ಲುವ ಕಡೆಯಿಂದ ಶಾಲೆಯ ತನಕ ಹೆಂಚು ಹೊತ್ತವರು ಅವರ ಹೆಂಗಸರು. ಗೋಡೆಗೆ ಕೆಮ್ಮಣ್ಣು ಮೆತ್ತಿದವರೂ ಅವರೇ. ಸೂರಿನ ಮೇಲೆ ಉರಿಬಿಸಿಲಲ್ಲಿ ಕೂತು ಹೆಂಚು ಜೋಡಿಸಿದವನು ದಾಸಪ್ಪ. ಆ ದಾಸಪ್ಪನ ಮಗಳು ಆ ಸೂರಿನ ಕೆಳಗೆ ಐದು ತಿಂಗಳು ಕೂರಲಿಲ್ಲ. ಐದು ತಿಂಗಳೂ ಶಾಲೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರವರ ತಪ್ಪು ಎಣಿಸುವಾಗ ಪಾರ್ವತಮ್ಮ ತನ್ನದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು ಅನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ರಾಮಕೃಷ್ಣಪ್ಪ ನನ್ನ ಗಂಡನ ತಮ್ಮ. ಗಂಡ ಹೋದ ಮೇಲೆ ಅವನ ಮನೆಯಲ್ಲೇ ಇದ್ದೆ. ಊರಿನ ಯಾವ ಕೆಲಸಕ್ಕಾದರೂ ಮುಂದೆ ನಿಲ್ಲುವವನು ಅವನೇ, ಶಾಲೆಯ ಸೂರಿಗೂ ಅವನೇ ನಿಂತ. ಕೆಲಸ ಮುಗಿಯುವುದು ಹತ್ತು ದಿನ ತಡವಾಯಿತು. ಅಷ್ಟರಲ್ಲಿ ರಜೆ ಮುಗಿದು ಮಕ್ಕಳು ಬಂದರು. ಹತ್ತು ದಿನದ ಮಟ್ಟಿಗೆ ಭಜನೆ ಮನೆಯಲ್ಲಿ ಪಾಠ ನಡೆಯಲಿ ಎಂದು ಅಂಗಳದಾಚೆಯ ಭಜನೆ ಮನೆಗೆ ಅವರನ್ನು ಕಳಿಸಿದರು. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.

ಅದೇ ಹೊತ್ತಿಗೆ ನಮ್ಮ ರೇಷ್ಮೆ ಹುಳದ ಮನೆಗೆ ಹಾಲು ರೋಗ ಬಿತ್ತು. ತಟ್ಟೆ ತಟ್ಟೆಯೇ ಹುಳ ಒಡೆದು ಬೆಳ್ಳಗೆ ಸುರಿದುಹೋಯಿತು. ಗೋಡೆ ಕೆರೆದು ಸುಣ್ಣ ಬಳಿದು ಒಂದು ಬೆಳೆಯಷ್ಟು ದಿನ ಆ ಮನೆಯನ್ನು ಖಾಲಿ ಬಿಡಬೇಕಾಗಿತ್ತು. ಮುಂದಿನ ಮೊಟ್ಟೆಗೆ ಅವನು ಆಗಲೇ ಹೇಳಿಟ್ಟಿದ್ದ.

"ಶಾಲೆ ಹೆಂಗೂ ಖಾಲಿ ಬಿದ್ದೈತೆ," ಅಂದ. "ಒಂದು ಬೆಳೆ. ಒಂದು ತಿಂಗಳು. ಮಕ್ಕಳೇನು ಬೀದೀಲಿ ಅವ್ರಾ? ದೇವರ ಸನ್ನಿಧಾನದಾಗೆ ಓದ್ಕತಾವ್ರೆ. ಅದಕ್ಕಿಂತ ಪುಣ್ಯ ಬೇಕಾ?"

ದೊಡ್ಡ ಕಿಟಕಿಗಳ ಶಾಲೆ, ಹೊಸ ಸೂರು, ತಣ್ಣನೆಯ ಗಾಳಿ. ಗೂಡು ಬೆಳ್ಳಿಯ ಹಾಗೆ ಬಂತು. ನಮ್ಮ ಮನೆಗೆ ಸುಣ್ಣ ಬಳಿದದ್ದೂ ಆಯಿತು, ಒಣಗಿದ್ದೂ ಆಯಿತು. ಎರಡನೇ ಬೆಳೆಯೂ ಶಾಲೆಯಲ್ಲೇ ನಡೆಯಿತು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಯಾರನ್ನೂ ಕೇಳಲೇ ಇಲ್ಲ. ಹುಳದ ಮೇಲ್ವಿಚಾರಣೆ ನನ್ನದು. ಬೆಳಗ್ಗೆ ಬೀಗ ತೆಗೆಯುವುದು, ಸೊಪ್ಪು ಬಿಡಿಸಿ ತರುವ ಹೆಂಗಸರ ಕೈಕಾಲು ತೊಳೆಸುವುದು, ಬಾಗಿಲಿಗೆ ಬೇವು ಕಟ್ಟುವುದು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗಿನ ಬಟ್ಟಲಿಗೆ ನೀರು ಹಾಕುವುದು. ಮುಟ್ಟಾದವರು ಒಳಗೆ ಬರಬಾರದು, ಒಗ್ಗರಣೆಯ ವಾಸನೆ ಬರಬಾರದು, ಗಟ್ಟಿಯಾಗಿ ಮಾತಾಡಬಾರದು. ಇಷ್ಟು ಮಡಿಯಲ್ಲಿ ನಾನು ದೇವರಿಗೂ ದೀಪ ಹಚ್ಚಿದವಳಲ್ಲ.

ಸೊಪ್ಪು ತರುತ್ತಿದ್ದವರು ಹನ್ನೊಂದು ಮಂದಿ. ಎಲ್ಲರೂ ಕಾಲೋನಿಯವರು.

ಭಜನೆ ಮನೆಗೆ ಮಕ್ಕಳು ಹೋದ ಮೊದಲ ದಿನ ಏನಾಯಿತೆಂದು ನಾನು ಕಣ್ಣಾರೆ ನೋಡಿದೆ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಓಡಿದರು. ಮೆಟ್ಟಿಲ ಹತ್ತಿರ ಬಂದಾಗ ಕಾಲೋನಿಯ ಏಳು ಮಕ್ಕಳು ನಿಂತುಬಿಟ್ಟವು. ನಿಲ್ಲಿ ಎಂದು ಯಾರೂ ಹೇಳಲಿಲ್ಲ, ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಒಬ್ಬರ ಭುಜಕ್ಕೆ ಒಬ್ಬರು ತಾಗಿ ಕೂತ ಮಕ್ಕಳು ಅವು. ದೇವರ ಪಟ ಇರುವ ಮನೆ ಎಂದರೆ ಎಲ್ಲಿ ನಿಲ್ಲಬೇಕೆಂದು ಅವಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಹೋಗಿ ಹೊಂಗೆ ಮರದ ಕೆಳಗೆ ಕೂತವು. ಹನುಮಯ್ಯ ಮೇಷ್ಟ್ರು ಒಂದು ಸಲ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಒಳಗೆ ಹೋಗಿ ಪಾಠ ಶುರು ಮಾಡಿದರು.

ಆ ಏಳರಲ್ಲಿ ದೊಡ್ಡವಳು ದಾಸಪ್ಪನ ಮಗಳು ಮುನಿಗಂಗಿ. ಐದನೇ ಕ್ಲಾಸು. ಕಾಲೋನಿಯ ಹೆಣ್ಣುಮಕ್ಕಳಲ್ಲಿ ಮೂರನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ಐದು ಮುಗಿಸಿದರೆ ಹೊಸೂರಿನ ಹಾಸ್ಟೆಲ್ಲಿಗೆ ಸೇರಿಸಿಕೊಳ್ಳುತ್ತಾರೆ, ಊಟ ಬಟ್ಟೆ ಎಲ್ಲ ಅಲ್ಲೇ ಎಂದು ಮೇಷ್ಟ್ರೇ ಅವಳ ತಾಯಿ ಭದ್ರಮ್ಮನಿಗೆ ಹೇಳಿದ್ದರು. ದಾಸಪ್ಪ ಮೂಕಂಡಪಲ್ಲಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ವಾರಕ್ಕೊಮ್ಮೆ ಬರುತ್ತಿದ್ದ. ಭದ್ರಮ್ಮ ನಮ್ಮ ಸೊಪ್ಪಿಗೆ ಬರುತ್ತಿದ್ದಳು. ಹುಡುಗಿ ಓದಿನಲ್ಲಿ ಅಂಥಾ ಜಾಣೆಯೇನಲ್ಲ, ಆದರೆ ಬಾಯಿ ಮಾತ್ರ ಕತ್ತರಿ.

"ಸಾ, ಬೋಡು ಕಾಣಕಿಲ್ಲ," ಎಂದು ಮರದ ಕೆಳಗಿಂದ ಕೂಗುತ್ತಿದ್ದಳು.

"ಕಾಣದಿದ್ರೆ ಕೇಳಿಸ್ಕೊ," ಎಂದು ಮೇಷ್ಟ್ರು ಒಳಗಿಂದ.

"ಲೆಕ್ಕ ಹೆಂಗ್ ಸಾ ಕೇಳಿಸ್ಕಳಾದು?"

ಒಳಗಿದ್ದ ಮಕ್ಕಳು ನಗುತ್ತಿದ್ದವು. ಹುಳಕ್ಕೆ ಸೊಪ್ಪು ಹರಡುತ್ತಾ ನಾನೂ ನಗುತ್ತಿದ್ದೆ. ಕೇಳಿ ಕಲಿತವಳು ನಾನು. ನಮ್ಮ ತಾತ ಸಂಜೆ ಹೊತ್ತು ಪದ್ಯ ಓದುತ್ತಿದ್ದರೆ ಕಂಬದ ಹಿಂದೆ ಕೂತು ಕೇಳಿ ಕೇಳಿ ನಾಲಿಗೆಗೆ ಹತ್ತಿಸಿಕೊಂಡವಳು. ಹೊರಗೆ ಕೂತರೂ ಕೇಳಿಸುತ್ತದಲ್ಲ, ಮಗು ಕಲಿತುಕೊಳ್ಳುತ್ತೆ ಎಂದು ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ. ಮಳೆಗಾಲ ಬಂತು. ಮಳೆ ಬಂದಾಗ ಒಳಗಿನವರಿಗೆ ಪಾಠ, ಹೊರಗಿನವರಿಗೆ ರಜೆ. ಜಗುಲಿಯೂ ಭಜನೆ ಮನೆಗೇ ಸೇರಿದ್ದು, ಅದನ್ನೂ ಹತ್ತುವಂತಿಲ್ಲ. ಸ್ಲೇಟನ್ನು ತಲೆಯ ಮೇಲೆ ಇಟ್ಟುಕೊಂಡು ಏಳು ಮಕ್ಕಳು ಕಾಲೋನಿಗೆ ಓಡುವುದನ್ನು ಶಾಲೆಯ ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ, ಒಂದು ಹನಿ ಸೋರದ ಸೂರಿನ ಕೆಳಗೆ, ಹುಳ ಸರಸರ ಸೊಪ್ಪು ತಿನ್ನುತ್ತಿತ್ತು.

ಕಾರ್ತಿಕ ಬಂದಾಗ ನನಗೊಂದು ಯೋಚನೆ ಬಂತು. ಎಂಥ ಭಕ್ತಿಯ ಯೋಚನೆ ಎಂದು ಹಿಗ್ಗಿದೆ. ಮಕ್ಕಳನ್ನು ತಡೆಯುತ್ತಿರುವುದು ಯಾವುದು? ಭಜನೆ ಮನೆಯಲ್ಲಿರುವ ರಾಮದೇವರ ಪಟ. ದೇವರು ಇಲ್ಲದ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕೂರಲಿಲ್ಲವೇ? ಹಾಗಾದರೆ ದೇವರೇ ಒಂದಿಷ್ಟು ದಿನ ಹೊರಗೆ ಬಂದರೆ ಒಳಗಿನ ಮನೆ ಬರೀ ಮನೆ.

ಭಜನೆ ಮನೆ ಗುಡಿಸಿ ದೀಪ ಹಚ್ಚುವ ಸೇವೆ ನನ್ನದೇ. ಒಂದು ಸೋಮವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಪಟ ಇಳಿಸಿ, ಒಗೆದ ಪಂಚೆಯಲ್ಲಿ ಸುತ್ತಿ ತಂದು ಹೊಂಗೆ ಮರದ ಬುಡದ ಕಲ್ಲಿನ ಮೇಲೆ ಇಟ್ಟೆ. ಹೂ ಮುಡಿಸಿದೆ. ದೀಪ ಹಚ್ಚಿದೆ. ನೀನು ಹೊರಗೆ ಬಾ ತಂದೆ, ಮಕ್ಕಳು ಒಳಗೆ ಹೋಗಲಿ ಎಂದು ಕೈ ಮುಗಿದೆ. ಕಣ್ಣಲ್ಲಿ ನೀರು ಬಂತು.

ಗಂಟೆ ಹೊಡೆಯಿತು. "ಹೋಗ್ರೋ ಒಳಕ್ಕೆ," ಅಂದೆ. "ದೇವರು ಇಲ್ಲಿ ಹೊರಗೆ ಅವ್ನೆ. ಹೋಗಿ ಕೂತ್ಕಳಿ."

ಮುನಿಗಂಗಿ ನನ್ನ ಮುಖ ನೋಡಿದಳು, ಪಟ ನೋಡಿದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಏಯ್!"

ಅಶ್ವತ್ಥಪ್ಪ ಬರುತ್ತಿದ್ದ. ಶನಿವಾರ ಶನಿವಾರ ಭಜನೆ ಮನೆಯಲ್ಲಿ ಪದ್ಯ ಓದುವವನು ಅವನು. ಅವನ ಕಂಠ ಕೇಳಿದರೆ ನಮ್ಮ ತಾತನ ನೆನಪು ಬರುತ್ತಿತ್ತು. ಮುನಿಗಂಗಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಅವನು ಮೊದಲು ಪಟಕ್ಕೆ ಕೈ ಮುಗಿದ. ಆಮೇಲೆ ನನ್ನ ಕಡೆ ತಿರುಗಿ, "ಏನ್ ಪಾರ್ವತಮ್ಮ ಇದು? ಸ್ವಾಮಿಗೆ ಸೆಕೆ ಆಗಿತ್ತಾ?" ಅಂದ.

"ಒಳಗೆ ಮಕ್ಕಳು ಕೂತ್ಕಳ್ಲಿ ಅಂತ ಅಣ್ಣ. ದೇವರು ಹೊರಗೆ ಅವ್ನಲ್ಲ ಈಗ."

"ನೀನು ನಾಳೆ ತವರಿಗೆ ಹೋಗ್ತೀಯ ಅಂತ ಇಟ್ಕ. ನಿನ್ನ ಅಡಿಗೆ ಮನೇಗೆ ಯಾರ್ ಬೇಕಾದ್ರೂ ನುಗ್ಬೋದಾ?" ನಗುನಗುತ್ತಲೇ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮರದ ಕಡೆ ಕೈ ಬೀಸಿದ. "ಲೇ, ದೇವರ ಮುಂದೇನೇ ಕೂತ್ಕಳಾಕೆ ಬಂದ್ರಾ ನೀವು? ದೀಪ ಉರೀತಾ ಐತೆ, ಕಣ್ ಕಾಣಕಿಲ್ವಾ? ಹೋಗಿ ಆಕಡೆಗೆ, ತೊಟ್ಟಿ ತಾವ."

ತೊಟ್ಟಿ ಎಂದರೆ ದನ ನೀರು ಕುಡಿಯುವ ಕಲ್ಲುತೊಟ್ಟಿ. ರಸ್ತೆಯ ಪಕ್ಕದಲ್ಲಿ, ಬಟಾ ಬಯಲಲ್ಲಿ. ಅಲ್ಲಿಂದ ಬೋರ್ಡೂ ಕಾಣುವುದಿಲ್ಲ, ಮೇಷ್ಟ್ರ ದನಿಯೂ ಕೇಳುವುದಿಲ್ಲ.

ನಾನು ಅವಸರದಲ್ಲಿ ಪಟ ಎತ್ತಿಕೊಂಡು ಹೋಗಿ ಮತ್ತೆ ಒಳಗೆ ಇಟ್ಟೆ. ಅದರಿಂದ ಏನೂ ಆಗಲಿಲ್ಲ. ಸ್ವಾಮಿ ಒಂದು ಗಳಿಗೆ ಕೂತಿದ್ದ ಜಾಗ, ದೀಪ ಬೆಳಗಿದ ಜಾಗ, ಇನ್ನು ಅಲ್ಲಿ ಹೇಗೆ ಕೂರಿಸುವುದು ಎಂದು ಅಶ್ವತ್ಥಪ್ಪ ಮಧ್ಯಾಹ್ನದೊಳಗೆ ಊರಿಗೆಲ್ಲ ಹೇಳಿದ್ದ. ಮರುದಿನ ಬೆಳಗ್ಗೆ ಯಾರೋ ಮರದ ಬುಡಕ್ಕೆ ಅರಿಸಿನ ಕುಂಕುಮವನ್ನೂ ಹಚ್ಚಿದ್ದರು.

ಸೋಮವಾರ ಸಂಜೆಯೇ ಭದ್ರಮ್ಮ ಸೊಪ್ಪಿನ ಹೊರೆ ಇಳಿಸಿ, ಕೈಕಾಲು ತೊಳೆಯದೆ ನನ್ನೆದುರು ನಿಂತಳು.

"ನಿಮ್ಮ ಭಕ್ತಿ ನಿಮ್ಮ ಮನ್ಯಾಗೆ ಇಟ್ಕಳಿ ಅಮ್ಮಾರೇ," ಅಂದಳು. "ಮರದ ನೆಳ್ಳಾದ್ರೂ ಇತ್ತು ನನ್ನ ಮಗೀಗೆ. ಅದ್ನೂ ಕಿತ್ಕಂಡ್ರಿ."

"ನಾನು ಒಳ್ಳೇದಕ್ಕೇ ಮಾಡ್ದೆ ಕಣೇ ಭದ್ರಿ..."

"ನಮ್ಗೆ ಒಳ್ಳೇದು ಮಾಡಾಕೆ ಬಂದೋರೆಲ್ಲ ಹಂಗೇ ಅಂತಾರೆ. ದನದ ತೊಟ್ಟಿ ತಾವ ಕುಂತು ಯಾವ ಓದು? ಯಾವ ಹಾಸ್ಟಲ್ಲು? ನಾಳೆಯಿಂದ ಸೊಪ್ಪಿಗೆ ಕರ್ಕಂಡ್ ಬತ್ತೀನಿ. ಎರಡು ಕೈ ಆದ್ರೂ ಆಯ್ತದೆ."

ಮರುದಿನ ಬೆಳಗ್ಗೆ ಶಾಲೆಯ ಬೀಗ ತೆಗೆದೆ. ಹುಳ ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿತ್ತು. ಇನ್ನು ಗೂಡು ಕಟ್ಟುವ ತನಕ ಅದಕ್ಕೆ ದೊಡ್ಡ ಊಟ, ಎಷ್ಟು ಹಾಕಿದರೂ ಸಾಲದು. ಹೆಂಗಸರು ಸಾಲಾಗಿ ಬಂದರು. ಕೊನೆಯಲ್ಲಿ, ತನಗಿಂತ ದೊಡ್ಡ ಹೊರೆ ಹೊತ್ತು, ಮುನಿಗಂಗಿ. ಕಾಲು ತೊಳೆದಳು. ಐದು ತಿಂಗಳ ಮೇಲೆ ಶಾಲೆಯ ಹೊಸ್ತಿಲು ದಾಟಿದಳು. ಹೊರೆ ಇಳಿಸಿ ಸುತ್ತ ನೋಡಿದಳು. ಸಾಲು ಸಾಲು ಸ್ಟ್ಯಾಂಡು, ಎಂಬತ್ತು ತಟ್ಟೆ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಹಲಗೆಗಳು. ಹಲಗೆಗಳ ಮೇಲೆ ನಮ್ಮ ಗೋಣಿಚೀಲ.

"ಇಲ್ಲೇ ಕಣಮ್ಮೋ ನಮ್ ಕ್ಲಾಸು ಇದ್ದಿದ್ದು," ಎಂದು ತಾಯಿಗೆ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವುಕ್ಕೆ ನಾಕು ಜ್ವರ ಆಯ್ತಂತಲ್ಲ ಅಮ್ಮಾರೇ? ಅಂಗಾರೆ ಈಗ ಐದನೇ ಕ್ಲಾಸು. ಇವು ಪಾಸಾಯ್ತವೆ ಬುಡಿ, ಸೂರು ಐತೆ," ಅಂದಳು.

ಭದ್ರಮ್ಮ ಅವಳ ತಲೆಯ ಮೇಲೆ ಮೊಟಕಿದಳು. ಮಿಕ್ಕ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಐದು ತಿಂಗಳಲ್ಲಿ ಮೊದಲ ಸಲ ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಅದು ಅವತ್ತು ಆರಲಿಲ್ಲ, ಇವತ್ತಿಗೂ ಪೂರಾ ಆರಿಲ್ಲ.

ರಾಮಕೃಷ್ಣಪ್ಪ ಬಂದ. ಹುಡುಗಿ ಸೊಪ್ಪು ಹರಡುವುದನ್ನು ನೋಡಿ, "ಕೈ ಚುರುಕಾಗೈತೆ ಕಣೇ ಭದ್ರಿ ನಿನ್ ಮಗಳ್ದು. ಓದ್ಕಂಡಿದ್ರೆ ವೇಸ್ಟಾಗೋದು," ಅಂದ.

"ರಾಮಕೃಷ್ಣ, ಹೊರಗೆ ಬಾ," ಅಂದೆ.

ಅವನು ಬಂದ. ಬೇವಿನ ಸೊಪ್ಪು ಕಟ್ಟಿದ ಬಾಗಿಲಲ್ಲೇ ಕೇಳಿದೆ. "ಹುಳ ಮುಟ್ಟಾಕೆ ಇವರ ಕೈ ಆಯ್ತದೆ. ಭಜನೆ ಮನೆ ನೆಲಕ್ಕೆ ಇವರ ಮಕ್ಕಳ ಕಾಲು ಆಗಕಿಲ್ವಾ?"

"ಹುಳ ಬೇರೆ, ದೇವ್ರು ಬೇರೆ ಅತ್ಗೆ."

"ಹಂಗಾದ್ರೆ ಶಾಲೆ ಬಿಟ್ಕೊಡು. ನಮ್ಮ ಹುಳದ ಮನೆ ಆಗ್ಲೇ ಒಣಗೈತೆ."

"ಈಗಾ? ದೊಡ್ಡ ಊಟದಾಗೆ ಹುಳ ಅಲುಗಿಸ್ತಾರಾ ಯಾರಾದ್ರೂ? ಇದೊಂದು ಬೆಳೆ ಆಗ್ಲಿ."

"ಮೂರು ಸಲ ಕೇಳ್ದೆ ಈ ಮಾತ್ನ."

"ಮೂರು ಸಲಾನೂ ಗೂಡು ಬಂತಾ ಇಲ್ವಾ?" ಎಂದು ನಕ್ಕ. ಆಮೇಲೆ ದನಿ ಇಳಿಸಿ, "ನಿಂಗ್ಯಾಕೆ ಅತ್ಗೆ ಇವೆಲ್ಲ? ಹೊತ್ತಿಗೆ ಊಟ ಐತೆ. ಶನಿವಾರ ಶನಿವಾರ ಪದ್ಯ ಕೇಳ್ಕಂಡು ನೆಮ್ಮದಿಯಾಗಿರು," ಅಂದ.

ಮಧ್ಯಾಹ್ನ ಹನುಮಯ್ಯ ಮೇಷ್ಟ್ರಿಗೆ ಊಟಕ್ಕೆ ಇಡುವಾಗ ಅವರನ್ನೂ ಕೇಳಿದೆ. ಅವರು ಆಲಸನತ್ತದಿಂದ ದಿನಾ ಬಸ್ಸಿನಲ್ಲಿ ಬರುವವರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.

"ನಾನೇನ್ ಮಾಡ್ಲಿ ಹೇಳಿಯಮ್ಮ," ಅಂದರು, ಮುದ್ದೆ ಮುರಿಯುತ್ತಾ. "ಮೇಲಕ್ಕೆ ಬರ್ದ್ರೆ ತಮಿಳಲ್ಲಿ ಬರೀಬೇಕು, ಅದು ಹೋಗಿ ಬರೋದ್ರಲ್ಲಿ ವರ್ಷ. ಅವ್ರು ಬಂದು ವಿಚಾರ್ಸಿದ್ರೆ ನಿಮ್ಮ ಮೈದುನ್ರನ್ನೇ ವಿಚಾರಿಸ್ತಾರೆ. ನಾನು ನಿಮ್ಮ ಮೈದುನ್ರ ಮನೇಲಿ ಊಟ ಮಾಡೋನು."

"ಬಡಿಸೋಳು ನಾನು," ಅಂದೆ.

ಅವರು ಬರೀ ಮುದ್ದೆ ನುಂಗಿದರು. ಸಾರು ಕೇಳಲೂ ಇಲ್ಲ.

ಶನಿವಾರ ಬಂತು. ಭಜನೆ ಮನೆಯಲ್ಲಿ ಎಂದಿನಂತೆ ಕಂಬದ ಪಕ್ಕ ಕೂತೆ. ಅಶ್ವತ್ಥಪ್ಪ ಅಂದು ಓದಿದ್ದು ಭಗವಂತ ಬಡವನ ಗುಡಿಸಲಿಗೆ ಹೋಗಿ ನೆಲದ ಮೇಲೆ ಕೂತು ಊಟ ಮಾಡುವ ಪದ್ಯಗಳು. ಒಂದೊಂದು ಪಾದವನ್ನೂ ಎಳೆದು, ಬಾಗಿಸಿ, ಕೊನೆಯಲ್ಲಿ ಕಂಠ ಒಡೆಯುವ ಹಾಗೆ ಓದಿದ. ಹೆಂಗಸರೆಲ್ಲ ಅತ್ತರು. ರಾಮಕೃಷ್ಣಪ್ಪನೂ ವಲ್ಲಿಯಲ್ಲಿ ಕಣ್ಣೊರೆಸಿಕೊಂಡ. ಅವನ ಅಳು ಸುಳ್ಳಲ್ಲ. ಅದನ್ನು ಹೇಳಲೇಬೇಕು, ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಹುಟ್ಟಿದಾಗಿನಿಂದ ಆ ಪದ್ಯಕ್ಕೆ ಅತ್ತವಳು ನಾನು. ಅವತ್ತು ನನ್ನ ಕಣ್ಣು ಒಣಗಿತ್ತು. ಇಷ್ಟು ವರ್ಷ ನಾವೆಲ್ಲ ಕೂತು ಕೇಳಿದ್ದೇನು? ಕೇಳಿ ಕೇಳಿ ಅತ್ತು, ಎದ್ದು ಹೋಗಿ ಬಾಗಿಲು ಹಾಕಿಕೊಂಡೆವಲ್ಲ. ಪದ್ಯ ಮುಗಿಯುವ ಮುಂಚೆಯೇ ಎದ್ದುಬಿಟ್ಟೆ. ಮಂಗಳಾರತಿಗೆ ನಿಲ್ಲದೆ ನಾನು ಎದ್ದುಹೋದದ್ದು ಅದೇ ಮೊದಲು.

ಸೋಮವಾರ ರಾಮಕೃಷ್ಣಪ್ಪ ಮೊದಲನೇ ಬಸ್ಸಿಗೆ ತಳಿ ಪೇಟೆಗೆ ಹೋದ. ಇನ್ನೆರಡು ದಿನದಲ್ಲಿ ಹುಳ ಹಣ್ಣಾಗುತ್ತವೆ, ಅವು ಗೂಡು ಕಟ್ಟಲು ಇನ್ನಷ್ಟು ಚಂದ್ರಿಕೆ ಬೇಕು, ಬಾಡಿಗೆಗೆ ಹೇಳಿ ಬರುತ್ತೇನೆ ಎಂದು ಹೋದ. ಬೆಳಗಿನ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಭಜನೆ ಮನೆಯಲ್ಲಿ ಗಂಟೆ ಹೊಡೆಯಿತು. ಕಿಟಕಿಯಿಂದ ನೋಡಿದೆ. ತೊಟ್ಟಿಯ ಹತ್ತಿರ ಆರು ಮಕ್ಕಳು. ಒಂದು ಎಮ್ಮೆ.

"ತಟ್ಟೆ ಇಳಿಸ್ರೇ," ಅಂದೆ. "ಎಲ್ಲ ತಟ್ಟೇನೂ ಹೊರಕ್ಕಿಡಿ."

ಹನ್ನೊಂದು ಮಂದಿಯೂ ನಿಂತಲ್ಲೇ ನಿಂತರು.

"ಯಾಕೆ ಅಮ್ಮಾರೇ?" ಎಂದು ಭದ್ರಮ್ಮ ಕೇಳಿದಳು.

"ಶಾಲೆ ನಡೀಬೇಕು."

"ಹೋದ್ಸಲ ದೇವ್ರನ್ನ ಎತ್ತಿಟ್ರಿ, ನಮ್ ಮಕ್ಕಳು ತೊಟ್ಟಿ ತಾವ್ಕೆ ಹೋದ್ವು. ಈಗ ಹುಳ ಎತ್ತಿಟ್ರೆ ನಾವು ಊರೇ ಬುಟ್ಟು ಹೋಗ್ಬೇಕಾಯ್ತದೆ. ನೀವು ಆ ಮನೆಯೋರು, ಬಯ್ದು ಸುಮ್ಕಾಯ್ತಾರೆ. ನಾಳೆ ಸೊಪ್ಪಿಗೆ ಬರ್ಬ್ಯಾಡಿ ಅಂತ ಅನ್ನಿಸ್ಕಳೋರು ನಾವು."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನೇ ಹೋಗಿ ಒಂದು ತಟ್ಟೆಗೆ ಕೈ ಹಾಕಿ ಎಳೆದೆ. ನನ್ನ ತೋಳಗಲಕ್ಕಿಂತ ದೊಡ್ಡ ತಟ್ಟೆ. ಒಂದು ಕಡೆ ವಾಲಿತು, ಹತ್ತಾರು ಹುಳ ಜಾರಿ ನೆಲಕ್ಕೆ ಬಿದ್ದವು. ಅಷ್ಟರಲ್ಲಿ ತಟ್ಟೆ ಹಗುರವಾಯಿತು. ಆಚೆ ತುದಿಯನ್ನು ಮುನಿಗಂಗಿ ಹಿಡಿದಿದ್ದಳು.

"ಹಿಂದ್ಕೆ ನಡೀರಿ ಅಮ್ಮಾರೇ, ಹೊಸ್ಲು ಐತೆ, ಎಡವೀರ," ಅಂದಳು.

ಎರಡನೇ ತಟ್ಟೆಗೆ ಭದ್ರಮ್ಮ ಬಂದಳು. ಏನೋ ಬೈದುಕೊಳ್ಳುತ್ತಲೇ ಬಂದಳು, ನನ್ನನ್ನೋ, ಮಗಳನ್ನೋ. ಮೂರನೆಯದಕ್ಕೆ ಮಿಕ್ಕವರೂ ಬಂದರು. ಶಾಲೆಗೂ ಭಜನೆ ಮನೆಗೂ ನಡುವಿನ ಅಂಗಳದಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟರು. ಸ್ಟ್ಯಾಂಡುಗಳನ್ನು ಗೋಡೆಗೆ ಸರಿಸಿ ಹಲಗೆಗಳನ್ನು ಇಳಿಸಿ ಹಾಕಿದರು. ಭಜನೆ ಮನೆಯ ಬಾಗಿಲಿಗೆ ಮಕ್ಕಳೆಲ್ಲ ಬಂದು ಬಾಯಿ ಬಿಟ್ಟುಕೊಂಡು ನಿಂತವು. ನಾನು ಅಂಗಳದಿಂದಲೇ ಕೂಗಿದೆ. ಅಷ್ಟು ಗಟ್ಟಿಯಾಗಿ ನಾನು ಕೂಗಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

"ಸ್ಲೇಟು ಬ್ಯಾಗು ತಗಂಡು ಎಲ್ಲರೂ ಶಾಲೆಗೆ ನಡೀರಿ! ತೊಟ್ಟಿ ತಾವ ಇರೋರೂ ಬನ್ನಿ! ಓಡಿ!"

ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. ಯಾರಿಗೆ ಕಿಟಕಿ ಪಕ್ಕದ ಹಲಗೆ ಎಂದು ನೂಕಾಡಿಕೊಂಡು ಓಡಿದವು. ಹನುಮಯ್ಯ ಮೇಷ್ಟ್ರು ಖಾಲಿ ಭಜನೆ ಮನೆಯ ಬಾಗಿಲಲ್ಲಿ ಸೀಮೆಸುಣ್ಣ ಹಿಡಿದು ಒಬ್ಬರೇ ನಿಂತರು.

ಬಿಸಿಲು ಏರಿತು. ಹೊಂಗೆ ಮರದ ಮೇಲೆ ಕಾಗೆಗಳು ಬಂದು ಕೂತವು. ಸ್ಟ್ಯಾಂಡಿಲ್ಲದ ತಟ್ಟೆಗಳ ಕಡೆಗೆ ಇರುವೆಗಳು ಗೆರೆ ಎಳೆದ ಹಾಗೆ ಹೊರಟವು. ಹುಳ ತಲೆ ಎತ್ತಿ ಎತ್ತಿ ಆಡಿಸುತ್ತಿದ್ದವು. ಅವೇನು ಪಾಪ ಮಾಡಿದ್ದವು? ಆದರೂ ಕದಲಲಿಲ್ಲ. ಹತ್ತು ಗಂಟೆಯ ಬಸ್ಸು ಬಂದ ಸದ್ದಾಯಿತು.

ರಾಮಕೃಷ್ಣಪ್ಪ ಅಂಗಳದ ತುದಿಯಿಂದಲೇ ಓಡಿ ಬಂದ. "ಯಾವಳೇ ಅವಳು! ಯಾವಳೇ ಹುಳಾನ ಬಿಸಿಲಿಗೆ ಹಾಕಿದ್ದು!"

"ನಾನು," ಅಂದೆ. ಶಾಲೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ.

"ಹುಚ್ಚು ಹಿಡೀತಾ ಅತ್ಗೆ? ಲೇ, ಎತ್ರೇ! ವಾಪಸ್ ಒಳಕ್ಕೆ ಹಾಕ್ರೇ!"

"ಒಳಗೆ ಮಕ್ಕಳು ಅವ್ರೆ."

"ಎಬ್ಬಿಸು ಅವನ್ನ!"

"ನೀನೇ ಬಂದು ಎಬ್ಬಿಸು. ಮೊದಲ್ನೇ ಹಲಗೆ ಮೇಲೆ ನಿನ್ನ ಮಗ ಮುತ್ತರಾಯ ಕೂತವ್ನೆ, ಅವನ್ನೇ ಮೊದ್ಲು ಎಬ್ಬಿಸು."

ಅವನು ಒಂದು ಹೆಜ್ಜೆ ಮುಂದಿಟ್ಟ. ಆಗ ಒಂದು ಕಾಗೆ ಇಳಿದು, ತಟ್ಟೆಯಿಂದ ಒಂದು ಹುಳ ಕಚ್ಚಿಕೊಂಡು ಹಾರಿತು. ಅವನು ತಿರುಗಿ "ಹಾ! ಹಾ!" ಎಂದು ವಲ್ಲಿ ಬೀಸಿದ. ಆ ಕಡೆ ಇನ್ನೆರಡು ಇಳಿದವು. ಅವನು ಮೇಲೆ ನೋಡಿದ, ನೆಲದ ಮೇಲಿನ ಇರುವೆ ನೋಡಿದ. ನಮ್ಮ ಹುಳದ ಮನೆ ಊರಿನ ಆಚೆ ತುದಿಗೆ, ಅಲ್ಲಿಗೆ ಎಂಬತ್ತು ತಟ್ಟೆ ಹೊರುವಷ್ಟರಲ್ಲಿ ಅರ್ಧ ಹುಳ ಉಳಿಯುವುದಿಲ್ಲ. ಆಮೇಲೆ ಎದುರಿಗೆ ನೋಡಿದ. ಭಜನೆ ಮನೆ ಖಾಲಿಯಾಗಿ, ತಣ್ಣಗೆ, ಬಾಗಿಲು ತೆರೆದುಕೊಂಡು ನಿಂತಿತ್ತು.

"ಭಜನೆ ಮನೆ ಒಳಕ್ಕೆ ತಗಂಡ್ ಹೋಗ್ರಿ!" ಎಂದು ಕಿರುಚಿದ. "ನಡೀರೇ, ಬೇಗ!"

ಹೆಂಗಸರು ಕದಲಲಿಲ್ಲ. ಭದ್ರಮ್ಮ ಕೇಳಿದಳು, "ನಾವಾ ಗೌಡ್ರೇ?"

"ನೀವಲ್ದೆ ಇನ್ಯಾರೇ? ನಿಮ್ಮಜ್ಜಿ ಬತ್ತಾಳಾ? ಎತ್ರೇ!"

ಗಲಾಟೆ ಕೇಳಿ ಬಂದಿದ್ದ ಅಶ್ವತ್ಥಪ್ಪ ಮೆಟ್ಟಿಲ ಹತ್ತಿರ ಕೈ ಅಡ್ಡ ಹಿಡಿದ. "ರಾಮಕೃಷ್ಣಪ್ಪ, ಒಳಗೆ ಸ್ವಾಮಿ ಪಟ ಐತೆ ಕಣಯ್ಯ..."

"ಪಟ ತಗದು ಆಕಡೆ ಇಡಯ್ಯ! ಹುಳ ಸಾಯ್ತಾವೆ ಇಲ್ಲಿ!"

ಅಶ್ವತ್ಥಪ್ಪನ ಕೈ ಕೆಳಗಿಳಿಯಿತು.

ಹೆಂಗಸರು ಮೊದಲು ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡು ಬಂದರು. ಹುಳ ಮುಟ್ಟುವ ಮುಂಚೆ ಕಾಲು ತೊಳೆಯುವುದು ಅಭ್ಯಾಸ. ಇಬ್ಬಿಬ್ಬರು ಒಂದೊಂದು ತಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು, ಜಗುಲಿ ದಾಟಿದರು, ಒಳಗೆ ಹೋದರು. ಬಂದರು. ಮತ್ತೆ ಹೋದರು. ಅವರ ಮಕ್ಕಳು ಐದು ತಿಂಗಳು ಮಳೆಯಲ್ಲಿ ನೆಂದರೂ ದಾಟಲಾರದ ಹೊಸ್ತಿಲನ್ನು ಎಷ್ಟು ಸಲ ದಾಟಿದರೆಂದು ಎಣಿಸಿದವರಿಲ್ಲ. ರಾಮಕೃಷ್ಣಪ್ಪ ಬಾಗಿಲಲ್ಲಿ ನಿಂತು, "ಹುಷಾರು, ಹುಷಾರು ಕಣ್ರವ್ವ," ಅನ್ನುತ್ತಿದ್ದ. ಕಣ್ರವ್ವ ಅಂದ. ನಾನು ಗೆದ್ದೆ ಎಂದು ಹಿಗ್ಗಬೇಕಾಗಿತ್ತೇನೋ. ಹಿಗ್ಗಲಿಲ್ಲ, ಸಿಟ್ಟೇ ಬಂತು. ಮಗು ಒಂದು ಕಾಲಿಟ್ಟದ್ದಕ್ಕೆ ಏಯ್ ಎಂದವರು, ಹುಳ ಅಂದಾಕ್ಷಣ ದೇವರನ್ನೇ ಮೂಲೆಗೆ ಸರಿಸಿದರು. ಇಷ್ಟು ಸುಲಭವಾಗಿತ್ತೇ ಇದು?

ಕೊನೆಯ ತಟ್ಟೆ ಒಳಗೆ ಹೋಯಿತು. ಮುನಿಗಂಗಿ ಸೊಪ್ಪಿನ ಗಂಟು ತಲೆಗೆ ಏರಿಸಿಕೊಳ್ಳುತ್ತಿದ್ದಳು. ಭದ್ರಮ್ಮ ಬಂದು ಅದನ್ನು ಕಸಿದುಕೊಂಡಳು.

"ಹೋಗು ಒಳಕ್ಕೆ," ಅಂದಳು. "ಮುಂದ್ಗಡೆ ಕುಂತ್ಕ. ಹಿಂದಕ್ಕೆ ಕುಂತಿದ್ದು ನೋಡುದ್ನೋ, ಕಾಲು ಮುರ್ದಾಕ್ತೀನಿ."

ಹನುಮಯ್ಯ ಮೇಷ್ಟ್ರು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ ಅಂಗಳ ದಾಟಿ ಬಂದರು. ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದು ಒಳಗೆ ಹೋದರು. ನೆಲದ ತುಂಬ ಹುಳದ ಹಿಕ್ಕೆ, ಒಣಗಿದ ಸೊಪ್ಪು, ಹಸಿ ವಾಸನೆ. ಮೂಗಿಗೆ ಪಂಚೆಯ ಅಂಚು ಹಿಡಿದು, ಯೋಚನೆಯೂ ಮಾಡದೆ, "ಕಾಲೋನಿ ಮಕ್ಕಳು ಎದ್ದು ಬೇಗ ಗುಡಿಸಿಬಿಡಿ," ಅಂದರು.

ಮಕ್ಕಳು ಎದ್ದೇಬಿಟ್ಟವು.

"ಕೂತ್ಕಳಿ!" ಅಂದೆ ಬಾಗಿಲಿಂದ. "ಮುತ್ತರಾಯ, ನೀನು ಏಳು. ಪೊರಕೆ ಅಲ್ಲೈತೆ."

"ನಾನಾ ದೊಡ್ಡಮ್ಮ?"

"ನಿಮ್ಮಪ್ಪನ ಹುಳದ ಹಿಕ್ಕೆ ಅಲ್ವೇನ್ಲಾ? ಏಳು."

ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಏನೋ ಹುಡುಕುತ್ತಿದ್ದರು. ಹುಡುಗ ಎದ್ದು ಪೊರಕೆ ತೆಗೆದುಕೊಂಡು ನೆಲಕ್ಕೆ ಒರೆಸುವ ಹಾಗೆ ಆಡಿಸತೊಡಗಿದ. ಕಸವೆಲ್ಲ ಅವನ ಕಾಲ ಮೇಲೇ ಬಂತು.

"ಪೊರಕೆ ಹಿಡಿಯಾಕೂ ಬರಾಕಿಲ್ವೇನ್ಲಾ ನಿಂಗೆ?" ಎಂದು ಮುನಿಗಂಗಿ ಮೊದಲನೇ ಹಲಗೆಯಿಂದ ಕೇಳಿದಳು. "ಬಗ್ಗಿ ಗುಡ್ಸಲಾ, ಸೊಂಟ ಮುರ್ದೋಗಾಕಿಲ್ಲ."

ಮಕ್ಕಳು ನಕ್ಕರು. ಮುತ್ತರಾಯ ಕೆಂಪಾದ, ಆದರೂ ಬಗ್ಗಿದ. ಅವನು ಪೂರಾ ಗುಡಿಸಿ ಮುಗಿಸುವ ತನಕ ನಾನು ಬಾಗಿಲು ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಮೇಷ್ಟ್ರು ಹೆಸರು ಕೂಗಲು ಶುರು ಮಾಡಿದರು. ಒಬ್ಬೊಬ್ಬರೇ ಎದ್ದು ಹೇಳಿ ಕೂತರು.

"ಮುನಿಗಂಗಮ್ಮ."

"ಇವ್ನಿ ಸಾ."

ಮೇಷ್ಟ್ರು ಬೆರಳು ಆಡಿಸಿ ಹಿಂದಿನ ವಾರದ ಗುರುತುಗಳನ್ನು ನೋಡಿದರು. ಹುಬ್ಬು ಗಂಟಿಕ್ಕಿತು. "ಮಂಗಳವಾರದಿಂದ ಬಂದೇ ಇಲ್ವಲ್ಲ. ಎಲ್ಲಿ ಹೋಗಿದ್ದೆ?"

"ಎಲ್ಲೂ ಹೋಗಿರ್ನಿಲ್ಲ ಸಾ," ಅಂದಳು ಮುನಿಗಂಗಿ. "ದಿನಾ ಶಾಲ್ಯಾಗೇ ಇದ್ದೆ. ನೀವೇ ಬರ್ನಿಲ್ಲ."